ಡಯಲ್-ಅಪ್‌ನಲ್ಲಿ ಮೇಲ್ ಇಳಿಯುತ್ತಿಲ್ವಾ? ಹೀಗೆ ಮಾಡಿ

ಡಯಲ್-ಅಪ್ ಅಂದರೆ ಫೋನ್ ಲೈನಿನಲ್ಲೇ ಬರುವ ಇಂಟರ್ನೆಟ್. ಅದರಲ್ಲಿ ಮೇಲ್ ಅರ್ಧಕ್ಕೇ ನಿಂತರೆ ಎಲ್ಲರೂ ಮೊದಲು ಬೈಯುವುದು ಫೋನ್ ಲೈನನ್ನು. ಎಷ್ಟೋ ಸಲ ತಪ್ಪು ಲೈನಿನದ್ದಲ್ಲ, ಸಾಲಿನಲ್ಲಿ ಮುಂದೆ ಕೂತ ಒಂದು ದೊಡ್ಡ ಮೇಲ್‌ನದ್ದು. ಎರಡರಲ್ಲಿ ಯಾವುದು ಅಂತ ಮೊದಲು ಪತ್ತೆ ಮಾಡಿ.

ಹಳೆಯ ವಿಂಡೋಸ್ ಆದರೆ, ಕನೆಕ್ಟ್ ಆದ ಮೇಲೆ ಪರದೆಯ ಮೂಲೆಯಲ್ಲಿರುವ ಕಂಪ್ಯೂಟರ್ ಐಕಾನ್ ಮೇಲೆ ಮೌಸ್ ಇಡಿ, ವೇಗ ಕಾಣುತ್ತದೆ. ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ 56ಕೆ (ಸೆಕೆಂಡಿಗೆ 56 ಕಿಲೋಬಿಟ್) ಅಂದಮಾತ್ರಕ್ಕೆ 56 ಬರುವುದಿಲ್ಲ. 40ರ ಮೇಲೆ ಬಂದರೆ ಲೈನ್ ಚೆನ್ನಾಗಿದೆ ಎಂದೇ ಲೆಕ್ಕ. 115,200 (ಬಿಟ್ ಲೆಕ್ಕದಲ್ಲಿ) ಅಂತ ತೋರಿಸಿದರೆ ಹಿಗ್ಗಬೇಡಿ, ಅದು ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ವೇಗ. 28ಕ್ಕಿಂತ ಕೆಳಗಿದ್ದರೆ ಕನೆಕ್ಷನ್ ಕಡಿದು, ರಿಸೀವರ್ ಎತ್ತಿ ಕೇಳಿ. ಡಯಲ್ ಟೋನ್ ಜೊತೆ ಗರಗರ ಸದ್ದು ಬಂತಾ? ಅದೇ ಲೈನಿನ ಬೇರೆ ಫೋನ್‌ಗಳನ್ನು ಬಿಚ್ಚಿ, ಮೋಡೆಮನ್ನು ಗಿಡ್ಡ ವೈರಿನಲ್ಲಿ ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ. ಕಾಲ್ ವೇಟಿಂಗ್ ಇದ್ದರೆ ಆಫ್ ಮಾಡಿ.

ಲೈನ್ ಸರಿಯಿದ್ದರೆ ಮೇಲ್ ಕಡೆ ಬನ್ನಿ. ಅಟ್ಯಾಚ್‌ಮೆಂಟ್ ಮೇಲ್‌ನಲ್ಲಿ ಹೋಗುವಾಗ ಅಕ್ಷರಗಳಾಗಿ ಬದಲಾಗುತ್ತದೆ, ಗಾತ್ರ ಮೂರನೇ ಒಂದು ಪಾಲು ಜಾಸ್ತಿಯಾಗುತ್ತದೆ. ಹಾಗಾಗಿ 1 ಎಂಬಿ ಫೋಟೊ ಇಳಿಯಲು 40ರ ವೇಗದಲ್ಲೂ ಸುಮಾರು 5 ನಿಮಿಷ ಬೇಕು. ನಡುವೆ ಲೈನ್ ಕಡಿದುಹೋದರೆ ಪಾಪ್3 (ಸರ್ವರ್ ಅಂದರೆ ಮೇಲ್ ಕಂಪನಿಯ ಕಂಪ್ಯೂಟರಿನಿಂದ ಮೇಲ್ ಇಳಿಸುವ ವಿಧಾನ) ಅರ್ಧದಿಂದ ಮುಂದುವರಿಸುವುದಿಲ್ಲ, ಆ ಮೇಲ್ ಮತ್ತೆ ಮೊದಲಿಂದಲೇ ಬರಬೇಕು. ಸರ್ವರ್‌ನಿಂದ ಮೇಲ್ ಅಳಿಯುವುದು ಕೆಲಸ ಸರಿಯಾಗಿ ಮುಗಿದ ಮೇಲಷ್ಟೇ. ಒಂದೇ ಮೇಲ್ ಎರಡೆರಡು ಸಲ ಬಂದು ಕೂರುವುದು ಇದರಿಂದಲೇ.

ಹಳೆಯ ವಿಂಡೋಸ್ ಜೊತೆ ಬರುತ್ತಿದ್ದ ಮೇಲ್ ಪ್ರೋಗ್ರಾಂ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಇದಕ್ಕೆ ಮದ್ದಿದೆ. ಟೂಲ್ಸ್, ಮೆಸೇಜ್ ರೂಲ್ಸ್, ಮೇಲ್ ತೆರೆದು, ಇಂತಿಷ್ಟಕ್ಕಿಂತ ದೊಡ್ಡ ಮೇಲ್ ಇಳಿಸಬೇಡ ಅಂತ ನಿಯಮ ಹಾಕಿ. 200 ಕೆಬಿ ಇಟ್ಟರೆ ಸಾಕು. ಸರ್ವರ್‌ನಿಂದ ಅಳಿಸು ಅನ್ನುವ ಆಯ್ಕೆಯೂ ಪಕ್ಕದಲ್ಲೇ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಮೇಲ್ ಹೋದಂತೆಯೇ! ತಡೆದ ಮೇಲನ್ನು ವೆಬ್‌ಮೇಲ್‌ನಲ್ಲಿ ನೋಡಿ, ಬೇಡವಾದರೆ ಅಲ್ಲೇ ಅಳಿಸಿ.

ಸರ್ವರ್ ಉತ್ತರ ಕೊಡುತ್ತಿಲ್ಲ ಅಂತ ಪದೇ ಪದೇ ಬಂದರೆ, ಅಕೌಂಟ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್‌ನಲ್ಲಿ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಹೊತ್ತು) 1 ನಿಮಿಷ ಇರುತ್ತದೆ. 5ಕ್ಕೆ ಎಳೆಯಿರಿ. ಆ್ಯಂಟಿವೈರಸ್ ಮೇಲ್ ತಪಾಸಣೆ ಮಾಡುವಾಗಲೂ ಸುಮ್ನೆ ಹೊತ್ತು ಹೋಗುತ್ತದೆ.

ಇನ್‌ಬಾಕ್ಸ್ ತೆರೆಯುವುದೇ ನಿಧಾನವಾದರೆ ಅದಕ್ಕೂ ಇಂಟರ್ನೆಟ್‌ಗೂ ಸಂಬಂಧವಿಲ್ಲ. ವರ್ಕ್ ಆಫ್‌ಲೈನ್ ಮಾಡಿಕೊಂಡು ಫೋಲ್ಡರ್‌ಗಳನ್ನು ಕಾಂಪ್ಯಾಕ್ಟ್ ಮಾಡಿ, ಅಂದರೆ ಅಳಿಸಿದ ಮೇಲ್ ಬಿಟ್ಟುಹೋದ ಖಾಲಿ ಜಾಗ ತೆಗೆಸಿ. ಅದು ಮುಗಿಯುವವರೆಗೆ ಬೇರೇನನ್ನೂ ಮುಟ್ಟಬೇಡಿ.