ಬೆಟ್ಟ, ಕಾನು, ಜಡ್ಡಿಗಳ ಕಾರ್ಬನ್ ಲೆಕ್ಕ: ನನ್ನ ಅನುಭವ

ಶಿರಸಿ, ಸಿದ್ದಾಪುರದ ಕಡೆ ಕಾಡಿನ ಪ್ರಮಾಣೀಕರಣದ, ಅಂದರೆ ಕಾಡು ಉಳಿಸಿದ್ದನ್ನು ಅಳೆದು ಮಾರಬಹುದಾದ ಕಾರ್ಬನ್ ಕ್ರೆಡಿಟ್ ಪಡೆಯುವ ಯೋಜನೆಯ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ: ‘ನಮ್ಮ ಕಾನಿನಲ್ಲಿ (ನಿತ್ಯಹಸಿರಿನ ದಟ್ಟ ಕಾಡಿನಲ್ಲಿ) ಇಷ್ಟು ದೊಡ್ಡ ಮರಗಳಿವೆ, ಎಷ್ಟು ಕ್ರೆಡಿಟ್ ಸಿಗ್ತದೆ?’ ನಿಂತ ಮರಕ್ಕೆ ಕ್ರೆಡಿಟ್ ಇಲ್ಲ. ಯೋಜನೆ ಇಲ್ಲದಿದ್ದರೆ ಎಷ್ಟು ಹೋಗುತ್ತಿತ್ತು, ಇದ್ದುದರಿಂದ ಎಷ್ಟು ಉಳಿಯಿತು, ಆ ವ್ಯತ್ಯಾಸಕ್ಕೆ ಮಾತ್ರ. ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಒಂದು ಕ್ರೆಡಿಟ್. ತಲೆಮಾರುಗಳಿಂದ ಯಾರೂ ಕೊಡಲಿ ಹಾಕದ ದೇವರಕಾನಿಗೆ ಈ ಲೆಕ್ಕದಲ್ಲಿ ಬರುವುದು ಬಹಳ ಕಡಿಮೆ. ಇದನ್ನು ಮೊದಲ ಸಭೆಯಲ್ಲೇ ಹೇಳಿಬಿಡುತ್ತೇನೆ. ಕಾರ್ಬನ್ ಕ್ರೆಡಿಟ್‌ಗಳ ಮಾನದಂಡ ರೂಪಿಸುವ ವೆರ್ರಾ ಸಂಸ್ಥೆ 2023ರಲ್ಲಿ ತಂದ ವಿಎಂ0048 ಎಂಬ ಲೆಕ್ಕದ ವಿಧಾನದಲ್ಲಿ ಕಾಡು ನಾಶವಾಗುವ ಅಪಾಯದ ಅಂದಾಜು ಯೋಜನೆಯವರ ಕೈಯಲ್ಲಿಲ್ಲ. ಇಡೀ ಪ್ರದೇಶದ ಅರಣ್ಯನಾಶದ ದತ್ತಾಂಶದಿಂದ ನಮ್ಮ ಪಾಲು ಹಂಚಿ ಬರುತ್ತದೆ. ಅಂದಾಜು ಉಬ್ಬಿಸುವ ದಾರಿ ಮುಚ್ಚಿದ್ದು ಒಳ್ಳೆಯದೇ ಆಯಿತು.

ಎರಡನೆಯದು ಹಕ್ಕು. ಇಲ್ಲಿ ಅಡಿಕೆ ತೋಟದ ಎಕರೆಗೆ 9 ಎಕರೆವರೆಗೆ ಸೊಪ್ಪಿನಬೆಟ್ಟವಿದೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಸೊಪ್ಪು, ದರಕಿನ (ಒಣ ತರಗೆಲೆಯ) ಸೌಲಭ್ಯ ತೋಟಿಗರದು, ನೆಲ ಸರ್ಕಾರದ್ದು. ಹಾಗಾದರೆ ಕಾರ್ಬನ್ ಯಾರದು? ಇದು ಬರಹದಲ್ಲಿ ಇತ್ಯರ್ಥವಾಗದೆ ಟೇಪು ಬಿಚ್ಚಬೇಡಿ.

ಕಾಡಿನ ಮಾದರಿ ಅಳತೆಗೆ ನಾನು ಬಳಸುವುದು 17.84 ಮೀಟರ್ ತ್ರಿಜ್ಯದ ವೃತ್ತ, ಅಂದರೆ 0.1 ಹೆಕ್ಟೇರ್. ಈ 17.84 ಸಮತಲದ ಅಳತೆ. ನಮ್ಮ ಘಟ್ಟದ ಇಳಿಜಾರಿನಲ್ಲಿ ಹಾಗೇ ಎಳೆದರೆ ತಪ್ಪುತ್ತದೆ. 30 ಡಿಗ್ರಿ ಇಳಿಜಾರಾದರೆ ಏರುವ, ಇಳಿಯುವ ದಿಕ್ಕಿನಲ್ಲಿ 20.6 ಮೀಟರ್ ಬೇಕು. ಮರೆತರೆ ಆ ವೃತ್ತದ ವಿಸ್ತೀರ್ಣ 13 ಶೇಕಡಾದಷ್ಟು ಕಿರಿದಾಗಿ, ಹೆಕ್ಟೇರ್‌ವಾರು ಕಾರ್ಬನ್ ಅಷ್ಟೇ ಕಡಿಮೆ ಕಾಣುತ್ತದೆ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ಫೈಬರ್ ಟೇಪೇ ಆಗಬೇಕು.

ಮರದ ಸುತ್ತಳತೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಇಳಿಜಾರಿನಲ್ಲಿ ಮೇಲ್ಗಡೆ ನಿಂತು. 1.57 ಮೀಟರ್ ಸುತ್ತಳತೆ ಅಂದರೆ 50 ಸೆಂ.ಮೀ. ವ್ಯಾಸ. ಎತ್ತರ 25 ಮೀಟರ್, ಕಟ್ಟಿಗೆಯ ಸಾಂದ್ರತೆ ಘನ ಸೆಂ.ಮೀ.ಗೆ 0.6 ಗ್ರಾಂ ಇದ್ದರೆ, ಉಷ್ಣವಲಯದ ಮರಗಳ ತೂಕ ಅಂದಾಜಿಸುವ 2014ರ ಚಾವೆ ಸೂತ್ರದಲ್ಲಿ ನೆಲದ ಮೇಲಿನ ಒಣತೂಕ ಸುಮಾರು 1.96 ಟನ್. ಅದನ್ನು 0.47ರಿಂದ ಗುಣಿಸಿದರೆ ಕಾರ್ಬನ್, ಮತ್ತೆ 44/12ರಿಂದ ಗುಣಿಸಿದರೆ ಕಾರ್ಬನ್ ಡೈಆಕ್ಸೈಡ್: 3.4 ಟನ್ ಹತ್ತಿರ. ಇದೇ ಮರದ ಬುಡದ ಹಲಗೆಬೇರನ್ನು ಸೇರಿಸಿ ಟೇಪು ಸುತ್ತಿ 2.2 ಮೀಟರ್ ಬರೆದುಕೊಂಡರೆ ಲೆಕ್ಕ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ರಾಮಪತ್ರೆ ಮರಗಳ ಜಡ್ಡಿಯಲ್ಲಿ, ಅಂದರೆ ಜೌಗು ಕಾಡಿನಲ್ಲಿ, ಈ ತಪ್ಪು ಸುಲಭ, ಊರುಗಾಲಿನಂಥ ಬೇರುಗಳು ಎದೆಮಟ್ಟ ದಾಟಿರುತ್ತವೆ. ಅಲ್ಲಿ ಬೇರು ಮುಗಿದ ಜಾಗದಿಂದ 50 ಸೆಂ.ಮೀ. ಮೇಲೆ ಹೋಗಿ ಅಳೆದು, ಆ ಎತ್ತರವನ್ನೂ ಬರೆದಿಡಬೇಕು. ಅಳೆದಲ್ಲಿ ಬಣ್ಣದ ಗೆರೆ ಎಳೆದು, ಅಲ್ಯೂಮಿನಿಯಂ ಬಿಲ್ಲೆಯನ್ನು ಗೆರೆಗಿಂತ 30 ಸೆಂ.ಮೀ. ಮೇಲೆ ಹೊಡೆಯುತ್ತೇವೆ. ಗೆರೆಯ ಮೇಲೇ ಮೊಳೆ ಹೊಡೆದರೆ ಅಲ್ಲಿ ತೊಗಟೆ ಉಬ್ಬಿ, ಮುಂದಿನ ಅಳತೆಯಲ್ಲಿ ಮರ ಸುಳ್ಳೇ ದಪ್ಪವಾಗಿರುತ್ತದೆ.

ಬೆಟ್ಟದಲ್ಲಿ ಇನ್ನೊಂದು ತೊಡಕು. ವರ್ಷವರ್ಷ ಸೊಪ್ಪು ಕಡಿದ ಮತ್ತಿ, ಕಿಂದಳಗಳ ಕಾಂಡ ದಪ್ಪ, ನೆತ್ತಿ ಬೋಳು. ಬರೀ ವ್ಯಾಸದ ಸೂತ್ರ ಹಾಕಿದರೆ ಇಲ್ಲದ ಕೊಂಬೆಗಳಿಗೂ ತೂಕ ಕೊಟ್ಟಂತೆ. ಎತ್ತರ ಅಳೆಯಲೇಬೇಕು, ಸೊಪ್ಪು ಕಡಿದ ಮರಗಳಿಗೆ ಬೇರೆ ಗುರುತು ಹಾಕಿ ಕೊಂಬೆಯ ಪಾಲು ಕಳೆಯಬೇಕು. ಬೈನೆ ತಾಳೆ ಜಾತಿ, ಅದಕ್ಕೆ ಪ್ರತ್ಯೇಕ ಸೂತ್ರ.

ಕಾರ್ಬನ್ ಕ್ರೆಡಿಟ್ ಕಡಿಮೆ ಬರುವ ಕಾನು, ಜಡ್ಡಿಗಳ ನಿಜವಾದ ಬಲ ಜೀವವೈವಿಧ್ಯ. ನನ್ನ ಶ್ರಮದ ಹೆಚ್ಚು ಪಾಲು ಹೋಗುವುದೂ ಅಲ್ಲಿಗೇ. ಹವಾಮಾನ, ಸಮುದಾಯ, ಜೀವವೈವಿಧ್ಯ ಮೂರನ್ನೂ ನೋಡುವ ಸಿಸಿಬಿ ಮಾನದಂಡದಲ್ಲಿ ಚಿನ್ನದ ದರ್ಜೆ ಇದೆ. ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಳಿವಿನಂಚಿನಲ್ಲಿರುವ ಜೀವಿ ಒಂದಿದ್ದರೂ ಅದರ ಅರ್ಹತೆಗೆ ಸಾಕು. ಸಿಂಗಳೀಕ ಇಲ್ಲಿ ಬರುತ್ತದೆ, ಸಿದ್ದಾಪುರದ ಕತ್ತಲೆಕಾನಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಮರವೂ ಬರುತ್ತದೆ. ಒಂದು ಹೆಜ್ಜೆ ಕೆಳಗಿನ ವರ್ಗದ ದೊಡ್ಡ ಮಂಗಟ್ಟೆಯಾದರೆ 30 ಹಕ್ಕಿ ಅಥವಾ 10 ಜೋಡಿ ತೋರಿಸಬೇಕು. ಒಮ್ಮೆ ಫೋಟೊ ತೆಗೆದರೆ ಮುಗಿಯುವುದಿಲ್ಲ. ಒಂದೇ ದಾರಿ, ಒಂದೇ ಹೊತ್ತು, ಒಂದೇ ಕ್ರಮದಲ್ಲಿ ವರ್ಷವರ್ಷ ಎಣಿಸಿದ ದಾಖಲೆ ಬೇಕು.

ಮೂರೂ ಲೆಕ್ಕ ಒಟ್ಟಿಗೆ ಸಿಕ್ಕಿಕೊಳ್ಳುವುದು ಉಪ್ಪಾಗೆ ಎಂಬ ಹುಳಿಹಣ್ಣಿನಲ್ಲಿ. ಸಿಂಗಳೀಕ ಅದನ್ನು ತಿನ್ನುತ್ತದೆ, ಜನರಿಗೆ ಅದು ಮಳೆಗಾಲದ ಆದಾಯ, ಸಿಪ್ಪೆ ಒಣಗಿಸಲು ಸುಡುವುದು ಕಾಡಿನ ಕಟ್ಟಿಗೆ. ‘ಕೊಯ್ಯಬೇಡಿ’ ಎಂದರೆ ಜನ ಪಕ್ಕದ ಕಾಡಿಗೆ ಹೋಗುತ್ತಾರೆ, ಅದು ಸೋರಿಕೆಯೆಂದು ನಮ್ಮ ಲೆಕ್ಕದಿಂದಲೇ ಕಳೆಯುತ್ತದೆ. ಆದ್ದರಿಂದ ಕೊಂಬೆ ಕಡಿಯದೆ ಹಣ್ಣಾದದ್ದನ್ನೇ ಕೊಯ್ಯುವ ಒಪ್ಪಂದ ಮಾಡಿಕೊಳ್ಳಿ, ಕಟ್ಟಿಗೆ ಕಡಿಮೆ ಬೇಡುವ ಒಲೆ ಕೊಡಿ, ಮೊದಲು ಎಷ್ಟು ಹೊರೆ ಉರಿಯುತ್ತಿತ್ತು, ಈಗೆಷ್ಟು ಎಂದು ಮನೆಮನೆಯಲ್ಲಿ ತೂಗಿ ಬರೆಯಿರಿ. ಒಪ್ಪಿಗೆಯ ಸಭೆಯನ್ನು ಅಡಿಕೆಯ ಕೊನೆ (ಗೊನೆ) ಕೊಯ್ಲಿನ ದಿನಗಳಲ್ಲಿ ಕರೆದರೆ ಯಾರೂ ಬರುವುದಿಲ್ಲ. ದರಕು ಗುಡಿಸುವ ಹೆಂಗಸರನ್ನು ಬೇರೆಯಾಗಿಯೇ ಕೂರಿಸಿ ಕೇಳಬೇಕು. ಯೋಜನೆಯ ಲೆಕ್ಕ ಪರೀಕ್ಷಿಸಲು ಹೊರಗಿನಿಂದ ಬರುವ ಪರಿಶೀಲಕರು ಅವರನ್ನೂ ಮಾತಾಡಿಸುತ್ತಾರೆ, ಒಪ್ಪಿಗೆಯ ಕಾಗದ ಕನ್ನಡದಲ್ಲಿ ಇತ್ತೇ ಎಂದು ವಿಚಾರಿಸುತ್ತಾರೆ.

ಪರಿಶೀಲಕರು ತಾವೇ ಕೆಲವು ವೃತ್ತಗಳನ್ನು ಆರಿಸಿ ಮತ್ತೆ ಅಳೆಯುತ್ತಾರೆ. ದಟ್ಟ ಕಾನಿನೊಳಗೆ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ನಡುಗಂಬ ಸಿಗದೇ ಹೋದರೆ ಆ ವೃತ್ತದ ಲೆಕ್ಕವನ್ನು ಒಪ್ಪಿಸುವುದು ಕಷ್ಟ. ಹಾಗಾಗಿ ನಡುವೆ ಕಬ್ಬಿಣದ ಸರಳು ಹುಗಿದು, ಹತ್ತಿರದ ಮೂರು ದೊಡ್ಡ ಮರಗಳಿಂದ ಅದಕ್ಕಿರುವ ದೂರ, ದಿಕ್ಕು ಬರೆದಿಡುತ್ತೇನೆ. ಉಂಬಳದ ರಕ್ತ, ಕೆಸರು ಮೆತ್ತಿದ ಮೂಲ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದ ಮೇಲೂ ಎಸೆಯಬಾರದು, ಅವರು ಮೊದಲು ಕೇಳುವುದು ಅದನ್ನೇ.