ಎರಡು ತಾಸಿನ ನಿದ್ದೆ

ಫೌಜಿನಿಂದ ರಿಟೈರಾಗಿ ಗದಗ ಕಡೆಯ ನಮ್ಮೂರಿಗೆ ಬಂದು ಮೂರು ವರ್ಷವಾಗಿದ್ದರೂ ರಾತ್ರಿ ಎರಡು ತಾಸಿಗೊಮ್ಮೆ ಏಳುತ್ತಿದ್ದೆ. ಎದ್ದು ಹೆಂಡತಿಯ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವುದು, ಚಿಲಕ ಮುಟ್ಟುವುದು, ಮತ್ತೆ ಮಲಗುವುದು.

ಇದು ಸಿಯಾಚಿನ್‌ನಲ್ಲಿ ಅಂಟಿದ್ದು. 2008ರಲ್ಲಿ ಮೇಲಿನ ಪೋಸ್ಟಿನಲ್ಲಿ ಮೂರು ತಿಂಗಳಿದ್ದೆ. 18 ಸಾವಿರ ಅಡಿ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮೂರಿನ ಅರ್ಧದಷ್ಟು. ನಿದ್ದೆ ಹತ್ತಿದ ಕೂಡಲೇ ಉಸಿರು ಕಟ್ಟಿದಂತಾಗಿ ಎಚ್ಚರ. ಸೆಂಟ್ರಿ ಬದಲಾಗುವಾಗ ಮಲಗಿದವರನ್ನು ಅಲುಗಾಡಿಸಿ ನೋಡುತ್ತಿದ್ದೆವು. ಹಿಮ ಸುರಿದ ರಾತ್ರಿ ಡೇರೆ ಮುಚ್ಚದಂತೆ ಸಲಿಕೆಯಿಂದ ಎತ್ತಿಹಾಕುತ್ತಲೇ ಇರಬೇಕು. 2003ರ ಕದನವಿರಾಮದಿಂದ ಗುಂಡಿನ ಸದ್ದಿರಲಿಲ್ಲ; ಹಿಮ ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ.

ಸರ್ವಿಸಿನಲ್ಲಿದ್ದಾಗ ಹೇಳಲಿಲ್ಲ. ಸೇನೆಯ ಮೆಡಿಕಲ್ ದರ್ಜೆಗೆ ‘ಶೇಪ್’ ಎನ್ನುತ್ತಾರೆ, ಅದರ ಮೊದಲ ಅಕ್ಷರ ‘ಎಸ್’ ಮನಸ್ಸಿನದು. ಅದು ಕೆಳಗಿಳಿದರೆ ಪ್ರಮೋಷನ್ ಹೋಯಿತು ಅಂತ ಬ್ಯಾರಕ್ಕಿನ ಮಾತು. ಕಾಲು ಮುರಿದಿದ್ದರೆ ಹೇಳುತ್ತಿದ್ದೆ.

2016ರ ಫೆಬ್ರುವರಿಯಲ್ಲಿ ಸಿಯಾಚಿನ್ನಿನ ಸೋನಂ ಪೋಸ್ಟಿನ ಮೇಲೆ ಹಿಮ ಕುಸಿಯಿತು. ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಹಿಮದಡಿ ಆರು ದಿನದ ನಂತರ ಜೀವಂತ ಸಿಕ್ಕಾಗ ಊರೆಲ್ಲ ಟಿವಿ ಮುಂದಿತ್ತು. 11ಕ್ಕೆ ತೀರಿಕೊಂಡ. ಆ ರಾತ್ರಿ ನಾನು ಅಂಗಳದಲ್ಲಿ ಸಲಿಕೆ ಹಿಡಿದು ನಿಂತಿದ್ದೆನಂತೆ. ನನಗೆ ನೆನಪಿಲ್ಲ.

“ನಾಳೆ ಧಾರವಾಡಕ್ಕ ಹೋಗೂಣು ನಡೀರಿ” ಅಂದಳು ಹೆಂಡತಿ. ನಮ್ಮ ಕಡೆ ಧಾರವಾಡಕ್ಕೆ ಕಳಿಸುವುದು ಅಂದರೆ ಹುಚ್ಚಾಸ್ಪತ್ರೆಗೆ ಅಂತಲೇ ಅರ್ಥ! ಬಸ್ಸಿನಲ್ಲಿ ಪರಿಚಯದವರು ಕೇಳಿದ್ದಕ್ಕೆ ಮದುವೆ ಜವಳಿಗೆ ಅಂತ ಸುಳ್ಳು ಹೇಳಿದೆ.

ಡಾಕ್ಟರು ಮೊದಲು ಬಿಡಿಸಿದ್ದು ಕ್ಯಾಂಟೀನಿನ ರಮ್. ಅದು ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸಿಯೂ ಬಿಡುತ್ತದೆ. ಕೆಲ ತಿಂಗಳು ಗುಳಿಗೆ. ಮಧ್ಯಾಹ್ನದ ನಿದ್ದೆ ಬಂದ್. ಆಮೇಲೆ ಕಷ್ಟದ ಕೆಲಸ: ಎಚ್ಚರಾದರೂ ಉಸಿರು ನೋಡಬಾರದು, ಹತ್ತು ನಿಮಿಷ ಸುಮ್ಮನೆ ಕೂರಬೇಕು. ಮೊದಲ ವಾರ ಬೆವರಿನಿಂದ ಬನಿಯನ್ ತೊಯ್ದು ಹೋಗುತ್ತಿತ್ತು. ಕತ್ತಲಲ್ಲೇ ಅವಳು “ಅದೀನ್ರಿ, ಮಲ್ಕೋರಿ” ಅನ್ನುತ್ತಿದ್ದಳು. ಡಾಕ್ಟರು ಆಮೇಲೆ ಅದನ್ನೂ ನಿಲ್ಲಿಸಿದರು. ಹಾಗೆ ಹೇಳಿಸಿಕೊಳ್ಳುವುದೂ ಉಸಿರು ನೋಡಿದಂತೆಯೇ ಅಂದರು.

ಈಗ ಸರ್ವಿಸಿನಲ್ಲಿರುವ ಹುಡುಗರು ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೊಡುತ್ತೇನೆ, ಕನ್ನಡದಲ್ಲೇ ಮಾತಾಡುತ್ತಾರೆ. ನನಗೆ ಐದು ತಾಸು ಒಂದೇ ಸಮ ನಿದ್ದೆ ಬರುತ್ತದೆ. ಆರನೆಯದಕ್ಕೆ ಎಮ್ಮೆ ಬಿಡುವುದಿಲ್ಲ.