ಬೈಗುಳದ ನಡುವೆ ಒಳ್ಳೆ ಮಾತು ಬರೆಯೋದು ಹೇಗೆ

ನಾನು ದಾವಣಗೆರೆಯವಳು. ಮನೆ ಅಡುಗೆಯ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕ್ತೀನಿ. ಬೆಣ್ಣೆ ದೋಸೆ ಹಾಕಿದ ದಿನ ಕೆಳಗಿನ ಕಾಮೆಂಟ್‌ಗಳಲ್ಲಿ ಜಗಳ ಇದ್ದದ್ದೇ. ಹಿಟ್ಟಿಗೆ ಮಂಡಕ್ಕಿ ಎಷ್ಟು ಅನ್ನೋದರಿಂದ ಶುರುವಾಗಿ, ಊರು, ಜಾತಿ, ಮನೆಯವರ ತನಕ ಹೋಗುತ್ತೆ. ಓದ್ತಾ ಓದ್ತಾ ನನಗೆ ಕಂಡಿದ್ದು ಇಷ್ಟು: ಬೈಯೋರು ಬಿಡಿಸಿ ಬಿಡಿಸಿ ಬೈತಾರೆ, ಮೆಚ್ಚಿದವರು ‘ಸೂಪರ್ ಅಕ್ಕ’ ಅಂತ ಒಂದು ಹೂವಿನ ಚಿತ್ರ ಹಾಕಿ ಹೋಗಿಬಿಡ್ತಾರೆ. ಮನಸ್ಸಿನಲ್ಲಿ ಉಳಿಯೋದು ಬಿಡಿಸಿ ಹೇಳಿದ್ದೇ.

ಹಾಗಾಗಿ ಮೆಚ್ಚಿದ್ದನ್ನೂ ಬಿಡಿಸಿ ಬರೆಯಿರಿ. ಯಾವುದು ಇಷ್ಟವಾಯ್ತು, ಅದರಿಂದ ನಿಮಗೇನಾಯ್ತು, ಎರಡೇ ಸಾಲು ಸಾಕು. ಒಬ್ಬರು ನನಗೆ ಹೀಗೆ ಬರೆದಿದ್ದರು: “ಅಕ್ಕಾರೆ, ನೀವು ಹೇಳ್ದಂಗೆ ಮಂಡಕ್ಕಿ ನೆನೆಸಿ, ನೀರು ಹಿಂಡಿ ರುಬ್ಬಿದೆ. ಹಂಚಿಗೆ ಅಂಟ್ಲೇ ಇಲ್ಲ. ಅತ್ತೆ ಇನ್ನೊಂದು ಹಾಕು ಅಂದ್ರು.” ಅದರ ಕೆಳಗೆ ಮತ್ತೊಬ್ಬರು “ಎಷ್ಟೊತ್ತು ನೆನೆಸಿದ್ರಿ?” ಅಂತ ಕೇಳಿದರು. ಇನ್ನೊಬ್ಬರು ಉತ್ತರ ಕೊಟ್ಟರು. ಮಾತು ತಾನಾಗೇ ದೋಸೆ ಕಡೆ ತಿರುಗಿತು. ಇಂಥದ್ದನ್ನು ನಾನು ಪಿನ್ ಮಾಡಿ ಮೇಲಿಡ್ತೀನಿ. ಹೊಸದಾಗಿ ಬಂದವರ ಕಣ್ಣಿಗೆ ಮೊದಲು ಅದೇ ಬೀಳಲಿ ಅಂತ.

ತಪ್ಪು ತೋರಿಸಲೇಬೇಕು ಅನ್ನಿಸಿದರೆ ‘ನಮ್ಮನೇಲಿ’ ಅಂತ ಶುರುಮಾಡಿ. “ಇದು ದಾವಣಗೆರೆ ದೋಸೆನೇ ಅಲ್ಲ” ಅಂದರೆ ಎದುರಿನವರು ಸೊಂಟ ಕಟ್ಟಿ ನಿಲ್ತಾರೆ. “ನಮ್ಮನೇಲಿ ಇನ್ನೊಂದು ಹಿಡಿ ಮಂಡಕ್ಕಿ ಹಾಕ್ತೀವಿ, ಮೆತ್ತಗಾಗುತ್ತೆ, ಒಮ್ಮೆ ನೋಡ್ರಿ” ಅಂದರೆ ಮಾಡಿ ನೋಡ್ತಾರೆ.

ಮನೆಯ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಜೋಪಾನ ಬೇಕು. ದೊಡ್ಡಪ್ಪ ಎರಡು ಬಾಣದ ಗುರುತಿರುವ ಸುದ್ದಿ ಕಳಿಸ್ತಾರೆ ಅನ್ನಿ. ಆ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದಿದೆ ಅಂತ. ಸುಳ್ಳು ಅಂತ ಖಾತ್ರಿಯಾದರೂ ಎಲ್ಲರ ಮುಂದೆ ಹೇಳಬೇಡಿ. ಅವರೊಬ್ಬರಿಗೇ “ದೊಡ್ಡಪ್ಪ, ಇದು ಹಳೇ ವಿಡಿಯೊ ಅಂತೆ, ಇಲ್ಲಿ ನೋಡ್ರಿ” ಅಂತ ಲಿಂಕ್ ಕಳಿಸಿ. ಕಳಿಸಿದ ಮೇಲೂ ಸುಮಾರು ಎರಡು ದಿನ ಎಲ್ಲರ ಫೋನಿನಿಂದ ಅಳಿಸಬಹುದು ಅಂತಲೂ ತಿಳಿಸಿ. ಮಾನ ಉಳಿದರೆ ಹಿರಿಯರು ತಾವೇ ತೆಗೀತಾರೆ.

ನಿಮ್ಮನ್ನೇ ಬೈದರೆ? ಬಿಸಿಯಲ್ಲಿ ಉತ್ತರ ಬೇಡ, ಅದರಲ್ಲೂ ರಾತ್ರಿ ಬೇಡವೇ ಬೇಡ. ಬೆಳಿಗ್ಗೆ ಒಂದೇ ಸಲ, ವಿಷಯಕ್ಕೆ ಮಾತ್ರ ಉತ್ತರ ಕೊಡಿ, ಅಲ್ಲಿಗೆ ಮುಗಿಸಿ. ಚಾನೆಲ್ ಇದ್ದವರು ಯೂಟ್ಯೂಬ್ ಸ್ಟುಡಿಯೊದಲ್ಲಿ ಬೈಗುಳದ ಪದಗಳನ್ನು ತಡೆಯುವ ಪಟ್ಟಿಗೆ ಸೇರಿಸಿ. ಕನ್ನಡ ಲಿಪಿಯಲ್ಲೂ ಸೇರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೀತಿಯಲ್ಲೂ ಸೇರಿಸಿ. ನಮ್ಮವರು ಬೈಯೋದು ಹೆಚ್ಚಾಗಿ ಹಾಗೇ. ಆ ಕಾಮೆಂಟ್‌ಗಳು ನೀವು ನೋಡಿ ಒಪ್ಪುವ ತನಕ ಹೊರಗೆ ಕಾಣೋದಿಲ್ಲ.

ಬೇರೆಯವರಿಗೆ ಬೈಗುಳ ಬಿದ್ದಾಗ ನಾವು ಸುಮ್ಮನಿರೋದು ನನಗೆ ತುಂಬಾ ನೋವಿನ ವಿಷಯ. ಚಿತ್ರದುರ್ಗದ ಹುಡುಗಿಯೊಬ್ಬಳು ಚಂದ್ರವಳ್ಳಿ ಗುಹೆ ತೋರಿಸುತ್ತಾ ಚೆನ್ನಾಗಿ ಮಾತಾಡಿದ್ದಳು, ಕೆಳಗೆಲ್ಲ ಅವಳ ಮೈಬಣ್ಣ ಹಿಡಿದು ಬೈಗುಳ. ಹಾಗೆ ಬೈಯೋರ ಜೊತೆ ವಾದ ಮಾಡಬೇಡಿ, ರಿಪೋರ್ಟ್ ಒತ್ತಿ. ಆಮೇಲೆ ಬೇರೆಯಾಗಿ, ಅವಳಿಗೇ ಬರೆಯಿರಿ: ಕತ್ತಲೆಯಲ್ಲೂ ಕಲ್ಲಿನ ಕೆತ್ತನೆ ಕಾಣೋ ಹಾಗೆ ದೀಪ ಹಿಡಿದೆಯಲ್ಲ ಮಗಳೇ, ಚೆನ್ನಾಗಿತ್ತು ಅಂತ.

ಬೆದರಿಕೆ ಬಂದರೆ, ಫೋಟೊ ತಿರುಚಿ ಹಾಕಿದರೆ ಸೌಮ್ಯವಾಗಿರಬೇಕಾಗಿಲ್ಲ. ಅಳಿಸುವ ಮೊದಲು ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ ಇಟ್ಟುಕೊಂಡು ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಶುರು ಎಲ್ಲಿಂದ ಅಂದರೆ, ಸಣ್ಣ ಚಾನೆಲ್‌ಗಳಿಂದ. ಹರಿಹರದ್ದೋ ಜಗಳೂರಿನದ್ದೋ, ಯಾರೂ ಇನ್ನೂ ಏನೂ ಬರೆಯದ ವಿಡಿಯೊ ಹುಡುಕಿ. ಕೊನೇ ತನಕ ನೋಡಿ. ಅದರಲ್ಲಿ ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಇದ್ದೇ ಇರುತ್ತೆ, ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ.